ಅಕ್ಕನ ಎಡೆಗೆ ಧೂಪವಿಲ್ಲ

ದಮ್ಮಿನ ಕಾಯಿಲೆ ಎಂದರೆ ಎದೆಯಲ್ಲಿ ಗೊರಗೊರ ಸದ್ದು ಬರಲೇಬೇಕು ಎಂದು ರಾಯದುರ್ಗದಲ್ಲಿ ನನ್ನ ಅಕ್ಕನ ಗಂಡನ ಮನೆಯವರು ನಂಬಿದ್ದರು. ಅಕ್ಕನ ಅತ್ತೆಗೆ ಇರುವುದು ಅಂಥದ್ದೇ. ಬೀದಿಗೆಲ್ಲ ಕೇಳುತ್ತದೆ, ಬಾಯಿಗಿಡುವ ಔಷಧದ ಪಂಪು ಎಳೆದರೆ ಇಳಿಯುತ್ತದೆ. ಮಡಕಶಿರಾದಲ್ಲಿರುವ ನನಗೆ ಶೇಂಗಾ ಬಿಡಿಸುವ ಕಾಲದಲ್ಲಿ ಮಾತ್ರ ಎದೆ ಬಿಗಿಯುತ್ತದೆ. ಅಕ್ಕನದು ಎರಡೂ ಅಲ್ಲ, ಬರೀ ಒಣಕೆಮ್ಮು. ಅವಳು ಜೀನ್ಸ್ ಹೊಲಿಯುತ್ತಿದ್ದ ಶೆಡ್ಡಿನ ದೂಳಿಗೆ ಏರುತ್ತಿತ್ತು, ರಜೆಗೆ ನಮ್ಮೂರಿಗೆ ಬಂದರೆ ಇಳಿಯುತ್ತಿತ್ತು.

"ತವರಿಗೆ ಹೋದ್ರ ಹೋಗತೈತಿ, ಮಿಷನ್ ಕಂಡ್ರ ಬರತೈತಿ. ಎಂಥಾ ಶಾಣ್ಯಾ ಕೆಮ್ಮು ನೋಡವ್ವ!" ಎಂದು ಅತ್ತೆ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಡಾಕ್ಟರು ಬರೆದುಕೊಟ್ಟ ಪಂಪನ್ನು ಮುಟ್ಟಲಿಲ್ಲ. ಅದು ಮುದುಕರ ಸಾಮಾನಂತೆ.

ಹೋದ ವರ್ಷ ಒಂದು ಸಂಜೆ ಅವಳ ಎದೆಯೂ ಗೊರಗೊರ ಎಂದಿತು. ಭಾವ ಆಟೋ ತರಲು ಹೊರಟರು. ಅಷ್ಟರಲ್ಲಿ ಸದ್ದು ನಿಂತಿತು. "ಇಳೀತು ಬಿಡು, ಮಲಗ್ಲಿ," ಎಂದರು ಅತ್ತೆ. ಭಾವ ಚಪ್ಪಲಿ ಬಿಟ್ಟು ಒಳಗೆ ಬಂದರು.

ಇಳಿದಿರಲಿಲ್ಲ. ಗಾಳಿಯ ದಾರಿಯೇ ಮುಚ್ಚಿಹೋದರೆ ಸದ್ದೂ ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳುವ ಹೊತ್ತಿಗೆ ಅಕ್ಕ ಇರಲಿಲ್ಲ.

ಮೊನ್ನೆ ಅವಳ ವರ್ಷದ ಎಡೆ. ಫೋಟೋ ಮುಂದೆ ಹೋಳಿಗೆ, ಕೆಂಡದ ಮೇಲೆ ಲೋಬಾನ, ಮನೆ ತುಂಬ ಹೊಗೆ. ಕಾಲೇಜಿಗೆ ಹೋಗುವ ಅಕ್ಕನ ಮಗಳು ಅಲ್ಲೇ ಕೂತು ಕೆಮ್ಮತೊಡಗಿದಳು. ಅದೇ ಒಣಕೆಮ್ಮು. ನಾನು ಡಾಕ್ಟರಿಗೆ ತೋರಿಸಿ ಕೊಡಿಸಿದ ಪಂಪು ಅವಳ ಚೀಲದಲ್ಲೇ ಇತ್ತು. ನಾಳೆ ಹೆಣ್ಣು ಕೇಳುವವರು ಏನಂದುಕೊಂಡಾರು, ನೆಂಟರ ಮುಂದೆ ತೆಗೆಯಬೇಡ ಎಂದು ಮನೆಯವರು ಹೇಳಿಟ್ಟಿದ್ದರು.

ನಾನು ಎದ್ದು ಧೂಪದ ಬಟ್ಟಲನ್ನು ಬಚ್ಚಲಿಗೆ ಒಯ್ದು ನೀರು ಸುರಿದೆ.

"ಯಾಕವ್ವ? ಧೂಪ ಇಲ್ದ ಎಡಿ ಮುಟ್ಟತೈತೇನು ಅಕೀಗೆ?" ಅತ್ತೆ ಕೂಗಿದರು.

"ಉಸಿರು ಸಿಗ್ದೆ ಹೋದೋಳಿಗೆ ಹೊಗೆ ಹಾಕ್ತೀರಾ ಅತ್ತೆಮ್ಮ? ಮುಟ್ಟದಿದ್ರೆ ಬ್ಯಾಡ. ಇವ್ಳಾದ್ರೂ ಉಳೀಲಿ." ಹುಡುಗಿಯ ಕಡೆ ತಿರುಗಿದೆ. "ಪಂಪು ತೆಗಿಯೇ. ನೋಡೋರೆಲ್ಲ ನೋಡ್ಲಿ."

ಅವಳು ಎಳೆದಳು. ನೆಂಟರು ಮುಖ ಮುಖ ನೋಡಿಕೊಂಡರು. ಅತ್ತೆ ಮೊಮ್ಮಗಳ ಹತ್ತಿರ ಸರಿದರು. "ಹಂಗಲ್ಲ. ಎಳದು ಉಸುರು ಹಿಡಿ, ನನ್ನಂಗ."

ಕೆಮ್ಮು ನಿಂತಿತು. ಸದ್ದು ನಿಂತಿತೆಂದು ನಾನು ಸುಮ್ಮನಾಗಲಿಲ್ಲ. ಕಾಲೇಜು, ಬಸ್ಸು, ಊಟ ಎಂದು ಕೇಳುತ್ತಲೇ ಹೋದೆ, ಅವಳ ಬಾಯಿಂದ ಒಂದೇ ಉಸಿರಿಗೆ ಪೂರ್ತಿ ಮಾತು ಬರುವವರೆಗೆ.

"ಚಿಕ್ಕವ್ವ, ಎಷ್ಟೊತ್ತು ಮಾತಾಡಿಸ್ತೀ? ಹೋಳಿಗಿ ಆರಾಕತ್ತೈತಿ."