ಕಾರಿಗೆ ತುಂಬಿದ ಅಡುಗೆ ಗ್ಯಾಸು

ಕಳೆದ ಸೋಮವಾರ ಮುಂಜಾನೆ ಸೊಸೆ ಹೊಸ ಸಿಲಿಂಡರಿಗೆ ರೆಗ್ಯುಲೇಟರ್ ಕೂಡಿಸುವಾಗ ರಬ್ಬರ್ ವಾಷರ್ ಸರಿಯಾಗಿ ಕೂರದೆ ಗ್ಯಾಸಿನ ವಾಸನೆ ಪಡಸಾಲೆಯವರೆಗೆ ಬಂತು. ನಾನು ಚಹಾ ಚೆಲ್ಲಿ ಎದ್ದು, "ಕಡ್ಡಿ ಕೊರೀಬ್ಯಾಡವ್ವಾ" ಎಂದು ಕೂಗಿದೆ. ಅವಳ ಕೈಯಲ್ಲಿ ಕಡ್ಡಿಪೆಟ್ಟಿಗೆಯೇ ಇರಲಿಲ್ಲ. "ಮಾವಾರ, ಯಾಕ್ರಿ ಹಿಂಗ ಗಾಬರಿ ಆಗೀರಿ?" ಎಂದು ಕೇಳಿದಳು. ಅಂಗಳಕ್ಕೆ ಹೋಗಿ ಕುಳಿತೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ನಾನು ಬೈಲಹೊಂಗಲದಲ್ಲಿ ಕಾರುಗಳ ಎಸಿ ರಿಪೇರಿ ಮಾಡುತ್ತಿದ್ದವನು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ದಾಟಿ, ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಮೂರು ತಿಂಗಳು ಸ್ಪ್ಯಾನರ್-ಪಾನಾ ಹಿಡಿದು, ಊರಿಗೆ ಬಂದ ಕೂಡಲೇ 'ಎಸಿ ಸ್ಪೆಷಲಿಸ್ಟ್' ಎಂದು ಬೋರ್ಡು ಬರೆಸಿದೆ. ನಮ್ಮ ಕಡೆಯ ಕಾರುಗಳಿಗೆ ಬೇರೆ ಕಡೆ ಕಾಣದ ಒಂದು ರೋಗವಿದೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಜನ ಕಾರಿಗೂ ಭಂಡಾರ ಹಚ್ಚುತ್ತಾರೆ. ಎಸಿಯ ಗಾಳಿ ಬರುವ ಜಾಲರಿಗೂ ಒಂದು ಚಿಟಿಕೆ. ಆ ಅರಿಷಿಣದ ಪುಡಿ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಕೂತು, ಹಸಿಯಾಗಿ, ಗಟ್ಟಿಯಾಗಿ ಗಾಳಿಗೆ ಅಡ್ಡ ನಿಲ್ಲುತ್ತದೆ. "ತಂಪ ಬರವಲ್ದು" ಎಂದು ಬಂದ ಗಾಡಿಯ ಡ್ಯಾಶ್‌ಬೋರ್ಡ್ ಬಿಚ್ಚಿದರೆ ಅಂಗೈ ತುಂಬ ಹಳದಿ. ಅಮ್ಮನ ಭಂಡಾರ ಗಟಾರಕ್ಕೆ ಹೋಗಬಾರದೆಂದು ತೊಳೆದ ನೀರನ್ನು ಅಂಗಡಿಯ ಮುಂದಿನ ಬೇವಿನ ಬುಡಕ್ಕೆ ಹಾಕುತ್ತಿದ್ದೆ. ಅಷ್ಟು ಭಯಭಕ್ತಿಯ ಮನುಷ್ಯ ನಾನು.

ಬಹಳ ವರ್ಷಗಳ ಹಿಂದೆ ಒಂದು ಬೇಸಿಗೆ ಎಸಿಗೆ ತುಂಬುವ ಗ್ಯಾಸಿನ ಡಬ್ಬಿಗಳು ಬೆಳಗಾವಿಯಿಂದ ಬರುವುದು ನಿಂತಿತು. ಅಂಗಡಿಯ ಮುಂದೆ ಗಾಡಿಗಳು ಸಾಲುಗಟ್ಟಿದವು. ಅಡುಗೆ ಗ್ಯಾಸು ಹಾಕಿದರೂ ನಡೆಯುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಅದಕ್ಕೆ ಬೆಂಕಿ ಹತ್ತುತ್ತದೆ ಎಂಬುದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ 'ನನ್ನ ಕೈಲಿ ಈಗ ಆಗುವುದಿಲ್ಲ' ಎಂದು ಹೇಳಲು ಬೋರ್ಡು ಬರೆಸಿದವನ ನಾಲಗೆ ಏಳಲಿಲ್ಲ. ಏಳು ಗಾಡಿಗಳಿಗೆ ತುಂಬಿದೆ. ತಂಪು ಭರ್ಜರಿಯಾಗಿ ಬಂತು. ಜನ ಹೊಗಳಿದರು, ನಾನು ಹಿಗ್ಗಿದೆ.

ಏಳನೆಯದು ಫಕೀರಪ್ಪನದು. ನೇಸರಗಿಯವನು, ಬಾಡಿಗೆಗೆ ಕಾರು ಓಡಿಸುತ್ತಿದ್ದ. "ಮಿಸ್ತ್ರಿ ಕಾಕಾ, ಧಾರವಾಡದ ಚಳಿ ತಂದು ತುಂಬೀರಿ. ನಾಳೆ ಗುಡ್ಡಕ್ಕ ಹೊಂಟೇವಿ, ನೀವೂ ಬರಬೇಕ್ರಿ" ಎಂದ. ಹೋದೆ. ಮುಂದೆ ಫಕೀರಪ್ಪನ ಪಕ್ಕದಲ್ಲಿ ನಾನು, ಹಿಂದೆ ಅವನ ಹೆಂಡತಿ ಮಾದೇವಿ ಮತ್ತು ಅವನ ತಾಯಿ. ಯರಗಟ್ಟಿ ದಾಟಿದ ಮೇಲೆ ಮಾದೇವಿ, "ಒಲಿ ಮುಂದ ಕುಂತಂಗ ವಾಸನಿ ಬರತೈತಲ್ರಿ" ಎಂದಳು.

"ಯಾರೋ ಹೊಲದಾಗ ಹುಳಕ್ಕ ಎಣ್ಣಿ ಹೊಡದಿರಬೇಕವ್ವಾ" ಎಂದೆ. ಅದು ನಾನು ತುಂಬಿದ ಗ್ಯಾಸು ಎಂದು ನನಗೆ ಗೊತ್ತಾಗಿತ್ತು. ಹಳೆಯ ಕಾಯಿಲ್ ಎಲ್ಲೋ ಸೋರುತ್ತಿತ್ತು.

ಗುಡ್ಡ ಕಂಡ ಕೂಡಲೇ ಗಾಡಿ ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಮೇಲಿನ ಅಮ್ಮನ ಫೋಟೋಕ್ಕೆ ಊದಿನಕಡ್ಡಿ ಬೆಳಗುವುದು ಫಕೀರಪ್ಪನ ಪದ್ಧತಿ. ತಂಪು ಹೋಗಬಾರದೆಂದು ಕಿಟಕಿಗಳೆಲ್ಲ ಮುಚ್ಚಿಯೇ ಇದ್ದವು. ಅವನು ಕಡ್ಡಿಪೆಟ್ಟಿಗೆ ತೆಗೆದ. ನಾನು ಅವನ ಕೈಗೆ ಹೊಡೆದೆ. ಪೆಟ್ಟಿಗೆ ಹಾರಿ ಕಾಲಬುಡಕ್ಕೆ ಬಿತ್ತು, ಅದರ ಮೇಲೆ ಫೋಟೋ ಬಿತ್ತು.

ಫಕೀರಪ್ಪ ಬಗ್ಗಿ ಫೋಟೋ ಎತ್ತಿ ಹಣೆಗೆ ಒತ್ತಿಕೊಂಡ. ಆಮೇಲೆ ಹಿಂದಿನಿಂದ ಮಾದೇವಿ ಮೆಲ್ಲಗೆ, "ಅಮ್ಮ ನಮ್ಮನ್ನ ಒಲ್ಲೆ ಅಂದಾಳ" ಎಂದಳು. ಫಕೀರಪ್ಪ ನನ್ನ ಮುಖ ನೋಡಿದ. ಗ್ಯಾಸು ಎಂಬ ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ನಾನು, "ಹೌದಪಾ, ಕೈ ನಾ ಎತ್ತಿದ್ದಲ್ಲ, ತಾನ ಎದ್ದಿತು. ಇವತ್ತ ಬೆಳಗಬ್ಯಾಡ. ಕಿಟಕಿ ತಗೀರಿ" ಎಂದೆ.

ಗುಡ್ಡ ಹತ್ತದೆ ಅಲ್ಲಿಂದಲೇ ಗಾಡಿ ತಿರುಗಿಸಿದರು. ಮರುದಿನ ಏನೋ ನೆವ ಹೇಳಿ ಅವನ ಗಾಡಿಯ ಗ್ಯಾಸು ತೆಗೆದೆ. ಉಳಿದ ಆರು ಜನರನ್ನು ಕರೆಯಲಿಲ್ಲ, ಕರೆದರೆ ಕಾರಣ ಹೇಳಬೇಕಲ್ಲ. ಹದಿನೈದು ದಿನದಲ್ಲಿ ಫಕೀರಪ್ಪ ಕಾರು ಮಾರಿದ ಎಂದು ಕೇಳಿದೆ. ನಿಜ ಹೇಳಬೇಕೆಂದರೆ, ನನಗೆ ನಿರಾಳವಾಯಿತು.

ಸೋಮವಾರದ ಆ ವಾಸನೆಯ ನಂತರ ಅನ್ನ ಸೇರಲಿಲ್ಲ. ಬುಧವಾರ ಬಸ್ಸು ಹತ್ತಿ ನೇಸರಗಿಗೆ ಹೋದೆ. ಫಕೀರಪ್ಪ ಈಗ ಹಿಟ್ಟಿನ ಗಿರಣಿ ನಡೆಸುತ್ತಾನೆ. ತಲೆಯ ಬಿಳುಪು ವಯಸ್ಸಿನದೋ ಹಿಟ್ಟಿನದೋ ತಿಳಿಯಲಿಲ್ಲ. "ಬರ್ರಿ ಕಾಕಾ, ಕುಂದರ್ರಿ. ಎಸಿ ಇಲ್ಲ ನೋಡ್ರಿ ಇಲ್ಲಿ" ಎಂದು ನಕ್ಕ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವನು ಗಿರಣಿ ಬಂದ್ ಮಾಡಿದ. ಗಿರಣಿಯ ಬೆಲ್ಟು ತಿರುಗಿ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದು, "ಅವತ್ತಿನಿಂದ ನಾವು ಗುಡ್ಡ ಹತ್ತಿಲ್ರಿ" ಎಂದ.

ಮಾದೇವಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ಅತ್ತಿ ಸಾಯೂಮುಂದ, ಒಮ್ಮೆ ಗುಡ್ಡಕ್ಕ ಒಯ್ಯಿರಿ ಅಂತ ಕೈ ಮುಗದ್ರು. ಅಮ್ಮಗ ನಾವು ಬ್ಯಾಡಾಗೇವಿ, ಸುಮ್ಮನಿರ್ರಿ ಅಂತ ನಾನ ಅಂದೆ. ಹಂಗ ಹೋದ್ರು."

ಬೆಂಕಿ ಹತ್ತಲಿಲ್ಲ, ಯಾರಿಗೂ ಏನೂ ಆಗಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅವಳ ಕಾಲಿಗೆ ಬೀಳಲು ಬಗ್ಗಿದೆ. ಅವಳು ಹಿಂದೆ ಸರಿದಳು.

"ಅದು ಆಮ್ಯಾಲೆ. ಇನ್ನ ಎಷ್ಟ ಗಾಡಿಗೆ ಹಾಕಿದ್ರಿ?"

"ಆರು."

"ಅವರಿಗೆ ಹೇಳೀರೇನು?"

"ಇಲ್ಲವ್ವಾ."

"ಹೇಳಿ ಬರ್ರಿ. ಆಮ್ಯಾಲೆ ಇಲ್ಲಿಗೆ ಬರ್ರಿ."

ಆರರಲ್ಲಿ ನಾಲ್ವರು ನೆನಪಿದ್ದಾರೆ. ನಿನ್ನೆ ಯರಗಟ್ಟಿಯಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಅಂಗಡಿಗೆ ಹೋದೆ. ನನ್ನ ಮಾತು ಕೇಳಿ ಅವರು ಚೀಲದ ಮೇಲೆ ಕುಳಿತುಬಿಟ್ಟರು. "ಮಗಳನ್ನ, ಹಸುಗೂಸನ್ನ ದವಾಖಾನಿಯಿಂದ ಆ ಗಾಡ್ಯಾಗ ತಂದೀನಿ. ಕೂಸಿಗೆ ಧೂಳ ಬಡೀಬಾರ್ದಂತ ಕಿಟಕಿ ಮುಚ್ಚಿದ್ದೆ" ಎಂದರು. ಬೈಯಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದರು.

ಆ ಗ್ಯಾಸು ಎಂದೋ ಸೋರಿ ಹೋಗಿರುತ್ತದೆ. ಇನ್ನು ಮೂರು ಮನೆಗಳಿಗೆ ಹೋಗಬೇಕು. ಉಳಿದ ಇಬ್ಬರ ಹೆಸರು ಏನು ಮಾಡಿದರೂ ನೆನಪಾಗುತ್ತಿಲ್ಲ. ಒಬ್ಬರು ರಾಮದುರ್ಗದ ಕಡೆಯವರು, ಬಿಳಿ ಗಾಡಿ. ಇನ್ನೊಬ್ಬರದು ಮುಖವೂ ಹೊಳೆಯದು. ಇದನ್ನು ಅವರಿಗಾಗಿಯೇ ಬರೆದೆ. ಆ ಬೇಸಿಗೆಯಲ್ಲಿ ನಿಮ್ಮ ಕಾರಿನೊಳಗೆ ಒಲೆಯ ವಾಸನೆ ಬಂದು, ನೀವು ಅದಕ್ಕೆ ಬೇರೇನೋ ಕಾರಣ ಕಂಡುಕೊಂಡಿದ್ದರೆ, ಆ ಕಾರಣವನ್ನು ಬಿಟ್ಟುಬಿಡಿ. ನಿಜವಾದ ಕಾರಣ ನಾನು.