ತಾಯಿಯ ನಡಿಗೆ ಬರೆದವರು

ಸಿಂಗಾನಲ್ಲೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅನಿಮೇಶನ್ ನಿರ್ದೇಶಕರು ಯಾವ ಪಾತ್ರದ ಚಿತ್ರವನ್ನೇ ಬರೆಯಲಿ, ಮೊದಲು ತಾವೇ ಅದರಂತೆ ನಡೆಯುತ್ತಿದ್ದರು. ಹಾಗೆಂದು ಈಗ ನನಗನ್ನಿಸುತ್ತದೆ. ತಿರುಪ್ಪೂರಿನ ಬನಿಯನ್ ಜಾಹೀರಾತಿನ ಮೊಲಕ್ಕಾಗಿ ವರ್ಷಗಟ್ಟಲೆ ಕುಪ್ಪಳಿಸಿದವರು. "ನಡ್ದು ನೋಡು, ಆಮೇಲೆ ಬರಿ" ಎನ್ನುತ್ತಿದ್ದರು.

ಕೊನೆಗೆ, ತೀರಿಹೋದ ತಾಯಿಯ ಬಗ್ಗೆ ಸ್ವಂತದ್ದೊಂದು ಚಿತ್ರಕ್ಕೆ ಕೈಹಾಕಿದರು. ಜೀವಮಾನವೆಲ್ಲ ಕುಳಿಮಗ್ಗ ತುಳಿದ ಆ ತಾಯಿ ಒಂದು ಕಾಲನ್ನು ಎಳೆದು ನಡೆಯುತ್ತಿದ್ದರು. ಮಗ ಮುಖ್ಯ ಭಂಗಿಗಳನ್ನಷ್ಟೇ ಬರೆದು, ಒಂದು ಭಂಗಿಯಿಂದ ಮುಂದಿನದಕ್ಕೆ ಸಾಗುವ ನಡುವಿನ ಚಿತ್ರಗಳನ್ನು ಕಂಪ್ಯೂಟರಿಗೆ ಬಿಟ್ಟರು. ಕಾಲಿನ ಎಳೆತ ಇರಬೇಕಾದದ್ದು ಆ ನಡುವಿನ ಚಿತ್ರಗಳಲ್ಲೇ. ಪರದೆಯ ಮೇಲೆ ತಾಯಿ ಸಲೀಸಾಗಿ ನಡೆದರು.

ಅಂದು ನಾನೂ ಅಲ್ಲಿದ್ದೆ. ತಾಯಿಯಂತೆ ನಡೆದು ತೋರಿಸಲು ಎದ್ದವರು ಎರಡು ಹೆಜ್ಜೆಗೇ ನಿಂತರು.

"ನಂಗೂ ಈ ಪರದೆ ನಡಿಗೆನೇ ಬರ್ತದೆ. ಅವ್ಳು ನಡ್ದದ್ದು ಮರ್ತೋಯ್ತು."

ಕರುಮತ್ತಂಪಟ್ಟಿಯಿಂದ ತಮ್ಮ ಅಕ್ಕನನ್ನು ಕರೆಸಿದರು. ಆಕೆ ಪರದೆ ನೋಡಿ ಕಣ್ಣೊರೆಸಿಕೊಂಡರು. "ಅಮ್ಮ ಇಂಗೇ ತಾನೇ ತಂಬಿ ನಡೀತಿದ್ದದ್ದು!"

"ಇಲ್ಲಕ್ಕ, ಕಾಲು ಎಳೀತಿತ್ತು. ನೀ ನಡ್ದು ತೋರ್ಸು."

"ಅಯ್ಯೋ, ಈ ವಯಸ್ಸಲ್ಲಿ ನನ್ನೂ ಸಿನಿಮಾಕ್ಕೆ ಸೇರಿಸ್ತೀಯಾ?" ಎಂದು ನಗುತ್ತಲೇ ಸೆರಗು ಸಿಕ್ಕಿಸಿ, ಅಮ್ಮನಂತೆ ಗೋಡೆಯವರೆಗೆ ನಡೆದರು. ಎಲ್ಲಿಯೂ ಕಾಲು ಎಳೆಯಲಿಲ್ಲ. ಪರದೆಯ ಮೇಲಿನ ಹೆಜ್ಜೆಯನ್ನೇ ಇಟ್ಟಿದ್ದರು.

ನಿರ್ದೇಶಕರು ನನ್ನ ತೋಳು ಹಿಡಿದುಕೊಂಡರು. "ನೀನಾದ್ರೂ ಅಮ್ಮನ್ನ ದಿನಾ ನೋಡ್ತಿದ್ದೆ ತಾನೇ?"

"ಹೌದು, ಎಳೀತಿದ್ರು" ಎಂದೆ.

"ಯಾವ ಕಾಲು?"

ನಾನು ಉತ್ತರಕ್ಕಾಗಿ ಪರದೆಯ ಕಡೆ ನೋಡಿದೆ.