ಗೋಡೆಗೆ ಕಿವಿಗೊಟ್ಟ ಮೇಸ್ತ್ರಿ

ಹರಪನಹಳ್ಳಿಯಲ್ಲಿ ನಾನು ಗುಮಾಸ್ತನಾಗಿದ್ದ ಕಾರ್ಖಾನೆಗೆ ಮೆಕ್ಕೆಜೋಳ ತುಂಬುವ ಒಂದು ಕಾಂಕ್ರೀಟ್ ಸೈಲೋ ಇತ್ತು. ಒಳಗೆ ಆನೆ ನಿಂತರೂ ಇಲಿಯಂತೆ ಕಾಣುವಷ್ಟು ದೊಡ್ಡ ಗುಂಡು ಕಣಜ. ಅದರ ಒಳಗೋಡೆ ಸವೆದಾಗ ಹೊಸ ಗಿಲಾವು ಮಾಡಲು ತೆಲಿಗಿಯಿಂದ ಒಬ್ಬ ಮೇಸ್ತ್ರಿ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಬಂದು, ಸಣ್ಣ ಸುತ್ತಿಗೆಯಿಂದ ಗೋಡೆ ಬಡಿದು ಕಿವಿಗೊಡುವರು. "ಗ್ವಾಡಿ ಮಾತಾಡ್ತೈತಿ, ಸುಮ್ಕಿರ್ರಿ" ಎನ್ನುವರು. ನಾವೆಲ್ಲ ಶೋಕಸಭೆಗೆ ಬಂದವರಂತೆ ಕೈಕಟ್ಟಿ ನಿಲ್ಲುತ್ತಿದ್ದೆವು.

ಒಂದು ವರ್ಷ ಕೆಲಸ ಮುಗಿದು ಗಿಲಾವು ಒಣಗಿತ್ತು. ಕಾಳಿನ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿದ್ದವು. ಕೊನೆಯ ಸಲ ಬಡಿಯುತ್ತ ಬಂದ ಮೇಸ್ತ್ರಿ ಒಂದು ಕಡೆ ನಿಂತುಬಿಟ್ಟರು. ನಮ್ಮ ಕಿವಿಗೆ ಎಲ್ಲವೂ ಒಂದೇ ಸದ್ದು. ಅವರು ಮಾತ್ರ ಉಳಿ ಇಟ್ಟು, ಚಾಪೆಯಷ್ಟು ಅಗಲದ ಗಿಲಾವನ್ನು ಕಿತ್ತು ಕೆಡವಿದರು.

"ನಿಂತಿದ್ದನ್ನ ಯಾಕ ಕೆಡವಿದ್ರಿ?" ಎಂದು ಮ್ಯಾನೇಜರು ಗುಡುಗಿದರು.

"ಕಾಳು ಇಳಿಸುವಾಗ ತಾನ ಬೀಳ್ತಿತ್ರಿ. ಗ್ವಾಡಿಗಿ ಅಂಟಿದ ಜ್ವಾಳದ ಹಿಟ್ಟು ಒರಸಲಾರದ ಗಿಲಾವು ಹೊಡದಾರ, ಹಿಡದಿಲ್ಲ."

"ಹೊಡದವ ಯಾವನು? ಈಗಿಂದೀಗ ಮನಿಗಿ ಕಳಸ್ತೀನಿ."

"ನಾನರಿ. ಆವತ್ತು ತೆಲಿಗಿ ಬಸ್ಸಿಗಿ ಅವಸರ ಆಗಿತ್ತು."

ಮ್ಯಾನೇಜರು ಸಿದ್ಧಪಡಿಸಿಕೊಂಡಿದ್ದ ಸಿಟ್ಟಿಗೆ ಕೂರಲು ಜಾಗವೇ ಸಿಗಲಿಲ್ಲ. ಗೇಟಿನ ಕಡೆ ನೋಡಿ ಮೆತ್ತಗೆ ಕೇಳಿದರು: "ಇನ್ನೆಷ್ಟು ದಿವಸ ಬೇಕ್ರಿ?"

ಮೇಸ್ತ್ರಿ ಆಗಲೇ ಒದ್ದೆ ಗೋಣಿತಟ್ಟಿನಿಂದ ಗೋಡೆಯ ಹಿಟ್ಟು ಒರೆಸುತ್ತಿದ್ದರು.

"ಎಂಟು ದಿವಸರಿ. ಅವಸರ ಇದ್ರ ಒಂಬತ್ತು."